ಡ್ರಾಯರಿನೊಳಗಿನ ಹಸಿರು ಚುಕ್ಕಿ

ತನ್ನ ಕಂಪ್ಯೂಟರಿನ ಫ್ಯಾನು ಇಷ್ಟು ಮೆಲ್ಲಗೆ ತಿರುಗುವುದು ಯಾರಿಗಾದರೂ ಗೊತ್ತಾಗಿಬಿಟ್ಟರೆ, ಎಂಬ ಸಣ್ಣ ಹೆದರಿಕೆ ಅವಳಿಗೆ, ಹೇಳಿಕೊಂಡರೆ ನಗುತ್ತಾರೆ, ಫ್ಯಾನಿನ ಸದ್ದಿಗೆ ಹೆದರುವವಳು ಎಂದು — ಆದರೆ ಪಕ್ಕದ ಮೇಜಿನ ಅಕ್ಕನ ಕಂಪ್ಯೂಟರು ಬೆಳಗಿನಿಂದ ಉಬ್ಬಸ ಬಂದವರ ಹಾಗೆ ಏದುತ್ತಿದೆ, ಇವಳದು ಉಂಡು ಮಲಗಿದ ಬೆಕ್ಕಿನಂತೆ ಗುರುಗುಟ್ಟುತ್ತಿದೆ, ಎರಡೂ ಒಂದೇ ದಿನ ಬಂದ ಅವಳಿಜವಳಿ, ಕಿವಿ ಇದ್ದವರಿಗೆ ಕೇಳಿಸದೇ ಇರುತ್ತದೆಯೇ, ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಮನೆಗಳ ನಕ್ಷೆ ಬರೆಯುವ ಈ ಕಚೇರಿಯಲ್ಲಿ ಎಲ್ಲರಿಗಿಂತ ಹಳಬರು, ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕಲಿತವರು, ಇವಳು ಹೊಸದಾಗಿ ಸೇರಿ ಮೆಟ್ಟಿಲಿನ ಅಳತೆ ತಪ್ಪಿದಾಗ, ಇದನ್ನ ಹತ್ತಿದವನ ತಲೆ ತೊಲೆಗೆ ಬಡಿಯುತ್ತೆ ಕಣೇ, ಮನೆ ಕಟ್ಟೋದಾ ಬುರುಡೆ ಒಡೆಯೋದಾ, ಎಂದು ನಕ್ಕು, ಯಾರಿಗೂ ಹೇಳದೆ ತಿದ್ದಿಕೊಟ್ಟವರು, ಆ ಅಕ್ಕ ಈಗ ಮೌಸಿನ ಮೇಲಿಂದ ಬೆರಳೆತ್ತಿ ಕಾಯುತ್ತಿದ್ದಾರೆ, ಒಂದು ಗೋಡೆಯನ್ನು ಇತ್ತಿಂದತ್ತ ಸರಿಸಿದ್ದಾರೆ ಅಷ್ಟೆ, ತೆರೆಯ ಮೇಲೆ ಉಂಗುರ ಸುತ್ತುತ್ತಿದೆ, ಬೆರಳು ಗಾಳಿಯಲ್ಲಿ — ಎಲ್ಲ ಆ ಚಾಟ್‌ನಿಂದ, ಕಚೇರಿಯವರು ಒಬ್ಬರಿಗೊಬ್ಬರು ನಾಲ್ಕು ಸಾಲು ಕಳಿಸಿಕೊಳ್ಳಲೆಂದು ಹಾಕಿಸಿದ್ದು, ಕೂರಲು ಜಾಗ ಕೊಟ್ಟರೆ ಕಾಲು ಚಾಚಿ ಮಲಗುವ ನೆಂಟನ ಹಾಗೆ ಅರ್ಧ ಮೆಮೊರಿ ನುಂಗಿ ಬಿದ್ದಿರುತ್ತದೆ, ಉಳಿದ ಎಂಜಲಲ್ಲಿ ನಕ್ಷೆ ತೆವಳಬೇಕು, ಹಾಗೆಂದು ಮುಚ್ಚುವಂತಿಲ್ಲ, ಮುಚ್ಚಿದರೆ ಹೆಸರಿನ ಪಕ್ಕದ ಹಸಿರು ಚುಕ್ಕಿ ಆರುತ್ತದೆ, ಚುಕ್ಕಿ ಆರಿದವರು ಕೆಲಸ ಬಿಟ್ಟು ಎದ್ದುಹೋದವರು ಎಂದೇ ಮ್ಯಾನೇಜರರ ಲೆಕ್ಕ, ಅದಕ್ಕೇ ಬೆನ್ನ ಹಿಂದೆ ಅವರಿಗೆ ಚುಕ್ಕಿ ಸಾಹೇಬರು ಎಂದೇ ಹೆಸರು. ಒಮ್ಮೆ ಸಿಟ್ಟು ಬಂದು, ಸಿಟ್ಟಲ್ಲ ಅಳು ಬಂದು, ಅವಳು ಕಂಪ್ಯೂಟರಿನಲ್ಲಿ ಚಾಟನ್ನು ಮುಚ್ಚಿ ಅದನ್ನೇ ಫೋನಿನಲ್ಲಿ ತೆರೆದು ಡ್ರಾಯರಿನೊಳಗೆ ತಳ್ಳಿದಳು, ಚುಕ್ಕಿ ಹಸಿರಾಗಿಯೇ ಉಳಿಯಿತು, ನಕ್ಷೆ ನೀರಿನಂತೆ ಹರಿಯಿತು, ಅಂದಿನಿಂದ ಸಾಹೇಬರ ಬಾಯಲ್ಲಿ ಅವಳು ಚುರುಕಿನ ಹುಡುಗಿ, ಅಕ್ಕನಿಗೆ ಹೇಳೋಣವೆಂದು ಊಟದ ಡಬ್ಬಿ ತೆರೆಯುವಾಗೆಲ್ಲ ನಾಲಿಗೆಯ ತುದಿಗೆ ಬಂದದ್ದುಂಟು, ಆದರೆ ಕಾಲೇಜಿನಲ್ಲಿ ಹಾಜರಿ ಕರೆದಾಗ ಓ ಎನ್ನಲೂ ತಡವರಿಸುತ್ತಿದ್ದವಳಿಗೆ ಜೀವಮಾನದಲ್ಲಿ ಮೊದಲ ಸಲ ಯಾರೋ ಶಹಬ್ಬಾಸ್ ಅಂದಿದ್ದರು, ಅದನ್ನು ಇಬ್ಬರಲ್ಲಿ ಹಂಚಿದರೆ ತನಗೇನು ಉಳಿಯುತ್ತದೆ — ಛೀ, ಹೌದು, ಹಾಗೆಯೇ ಅನ್ನಿಸಿತ್ತು.

ಬೂಟಿನ ಸದ್ದು, ಅಕ್ಕನ ಕುರ್ಚಿಯ ಹಿಂದೆ ನಿಂತಿತು, ಸಾಹೇಬರು, ಇನ್ನೂ ಅದೇ ಗೋಡೆನಾ ಅಮ್ಮಾ, ನಿಜವಾದ ಮೇಸ್ತ್ರಿ ಇಷ್ಟೊತ್ತಿಗೆ ಗಾರೆ ಬಳಿದು ಮನೆಗೆ ಹೋಗಿ ಸ್ನಾನ ಮಾಡಿರ್ತಿದ್ದ. ನಿಂತುಬಿಡುತ್ತೆ ಸರ್, ಈ ಚಾಟ್ ತುಂಬಾ ಭಾರ ಅನ್ಸುತ್ತೆ, ಅಕ್ಕನ ದನಿ ಸಣ್ಣದು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಪಕ್ಕದಲ್ಲೇ ಈ ಹುಡುಗಿ ಇಲ್ವಾ, ಅದೇ ಕಂಪ್ಯೂಟರ್, ಅದೇ ಚಾಟ್, ನಿಮ್ಮ ಎರಡರಷ್ಟು ಮಾಡ್ತಾಳೆ, ಬೇಜಾರು ಮಾಡ್ಕೋಬೇಡಿ, ಈ ತಿಂಗಳಿಗೆ ನಿಮ್ಮ ಕೆಲಸ ಸಾಕು ಅಂತ ಮೇಲಿನವರಿಗೆ ಇವತ್ತೇ ಹೇಳಿಬಿಡ್ತೀನಿ — ಏನಮ್ಮಾ, ನಿಂದು ಯಾವತ್ತಾದ್ರೂ ನಿಂತಿದ್ಯಾ, ಹೇಳು ಇವರಿಗೆ. ತನ್ನನ್ನೇ ಕೇಳುತ್ತಿದ್ದಾರೆ, ಇಲ್ಲ ಎಂದರೆ ಸುಳ್ಳೂ ಅಲ್ಲ, ನಿಂತಿಲ್ಲವಲ್ಲ, ಎರಡಕ್ಷರ, ಇಲ್ಲ, ಅಷ್ಟಕ್ಕೆ ಅಕ್ಕ ಎದ್ದು ಚೀಲ ತೆಗೆದುಕೊಂಡು ಹೋಗುತ್ತಾರೆ, ಬಾಯಿ ಬಿಟ್ಟರೆ ಬಣ್ಣಗೇಡು, ಸುಮ್ಮನಿರು, ಅಮ್ಮನ ಮಾತು, ಸುಮ್ಮನಿದ್ದೇ ಬೆಳೆದವಳು, ಮೋಸ ಗೊತ್ತಾದರೆ ತನ್ನನ್ನೂ ಇಟ್ಟುಕೊಳ್ಳುವುದಿಲ್ಲ, ಇದೊಂದು ಕೆಲಸಕ್ಕೆ ಎಷ್ಟು ಬಾಗಿಲು ತಟ್ಟಿದ್ದಳು, ಬಿಡಿ ಸರ್, ಮಗೂನ ಯಾಕೆ ಮಧ್ಯೆ ಎಳೀತೀರಾ, ಎನ್ನುತ್ತಿದ್ದಾರೆ ಅಕ್ಕ, ಇವಳ ಕಡೆ ನೋಡುತ್ತಲೂ ಇಲ್ಲ, ಗೋಡೆ ಇನ್ನೂ ಸರಿದಿಲ್ಲ, ಬೆರಳು ಗಾಳಿಯಲ್ಲೇ, ಪೆನ್ಸಿಲು ಒತ್ತಿ ಒತ್ತಿ ಗುಳಿ ಬಿದ್ದ ಬೆರಳು, ಇಳಿಸಲೋ ಬೇಡವೋ ಎಂದು ಕಾಯುವ ಬೆರಳು, ಗಾಳಿಯಲ್ಲಿ, ಬೆರಳು — ನಾನು ಚಾಟ್ ಮುಚ್ಚಿಟ್ಟು ಕೆಲಸ ಮಾಡ್ತೀನಿ ಸರ್, ಅದಕ್ಕೇ ನಂದು ನಿಲ್ಲಲ್ಲ, ಎಂದಳು.