ನಿನ್ನೆಯ ಬ್ರೆಡ್ಡಿನ ಜಂಬಮ್ಮ

ಜಂಬಮ್ಮನಷ್ಟು ಮನಃಪೂರ್ವಕವಾಗಿ ಕೂರಬಲ್ಲ ಇನ್ನೊಂದು ಜೀವವನ್ನು ನಾನು ಈ ರಾಯಚೂರಿನಲ್ಲಿ ಕಂಡಿಲ್ಲ. ಬೇಕರಿಯ ಮೆಟ್ಟಿಲಾಗಲಿ, ಬಸ್ ನಿಲ್ದಾಣದ ಕಟ್ಟೆಯಾಗಲಿ, ನಮ್ಮ ಮನೆಯ ಜಗುಲಿಯಾಗಲಿ, ಸಿಕ್ಕಲ್ಲಿ ಮೊದಲು ಕೂತು, ಸೀರೆಯ ಮೇಲೆ ತೊಟ್ಟ ಗಂಡಸರ ತುಂಬುತೋಳಿನ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಎದೆಯಾಳದಿಂದ ಒಂದು ಉಸಿರು ಬಿಟ್ಟು, ಆಮೇಲೆಯೇ ಆಕೆ 'ಹೇಳ್ರಿ' ಎನ್ನುವುದು. ಹತ್ತಿಗಿರಣಿಯಲ್ಲಿ ಹಗಲಿಡೀ ನಿಂತು ದುಡಿಯುವವಳಿಗೆ ಆಸನವೆಂಬುದು ಅಪರೂಪದ ಭೋಗ. ಕೂದಲಲ್ಲಿ ಸಿಕ್ಕ ಹತ್ತಿಯ ಎಳೆಗಳನ್ನು ತೆಗೆದುಕೊಳ್ಳುವಷ್ಟು ವ್ಯವಧಾನವೂ ಆಕೆಗಿಲ್ಲ.

ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಏಕೈಕ ಕರ್ತವ್ಯವೆಂದರೆ ಮುಂಜಾನೆ ಅಬ್ದುಲ್ ವಹೀದನ ಬೇಕರಿಯಲ್ಲಿ ಚಹಾ ಕುಡಿಯುವುದು. ಹಿಂದಿನ ದಿನ ಮಾರಾಟವಾಗದ ಬ್ರೆಡ್ಡು, ಬನ್ನುಗಳನ್ನು ವಹೀದ ಕೆಳಗಿನ ತಟ್ಟೆಯಲ್ಲಿ ಅರ್ಧ ಬೆಲೆಗೆ ಇಡುತ್ತಾನೆ. ಆತನ ಬಾಯಲ್ಲಿ ಅದು 'ಬಾಸಿ', ಅಂದರೆ ತಂಗಳು. ಅದನ್ನು ಕೊಳ್ಳುವ ಸಂಭಾವಿತರೆಲ್ಲ ನಾಯಿಗೆಂದೋ ಕೋಳಿಗೆಂದೋ ಗೊಣಗಿಕೊಂಡು, ದಿನಪತ್ರಿಕೆಯಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ಜಂಬಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತು, ಇಡೀ ಬೀದಿಗೆ ಕೇಳುವಂತೆ, 'ನಿನ್ನಿದು ಏನರ ಉಳದದೇನ್ರಿ ವಹೀದಣ್ಣ?' ಎಂದು ಕೇಳುತ್ತಾಳೆ. ಒಮ್ಮೆ ರಂಜಾನಿನ ದಿನಗಳಲ್ಲಿ ವಹೀದ ಮನಸ್ಸು ಕರಗಿ ಅದೇ ಅರ್ಧ ಬೆಲೆಗೆ ತಾಜಾ ಬ್ರೆಡ್ಡು ಕೊಟ್ಟ. ಆಕೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಮೆತ್ತಗದ, ಕಾಯಿಸಲು ಇಟ್ಟರೆ ಹಂಚಿನ ಮೇಲೆ ನಿಲ್ಲುವುದಿಲ್ಲ ಎಂದು ಹಿಂದಿರುಗಿಸಿದಳು. ವಹೀದ ನನ್ನ ಮುಖ ನೋಡಿದ, ನಾನು ಚಹಾದ ಲೋಟ ನೋಡಿದೆ.

ನಮ್ಮ ಸೀಮೆಯಲ್ಲಿ ಬ್ರೆಡ್ಡೆಂದರೆ ಜಡ್ಡಿನವರ ಆಹಾರ. ದವಾಖಾನೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣವಿರಲೇಬೇಕು. ಆರೋಗ್ಯವಂತರು ಜೋಳದ ರೊಟ್ಟಿ ಉಣ್ಣುತ್ತಾರೆ, ಮುಂಜಾನೆ ಯಾರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವಿಲ್ಲವೋ ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂದೇ ಲೆಕ್ಕ. ದೇವದುರ್ಗದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಜಂಬಮ್ಮ ಬಡಿದ ರೊಟ್ಟಿಯನ್ನು ನಾನೇ ಉಂಡಿದ್ದೇನೆ. ಆಹಾ, ಹಿಡಿದರೆ ಬೆಳಕು ಕಾಣುವಂಥ ರೊಟ್ಟಿ. ಗಂಡ ಹನುಮಂತ್ರಾಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಮೇಲೆ ಬೂದಿ ತುಂಬುವವನು, ವಾರಕ್ಕೊಮ್ಮೆ ಮನೆಗೆ ಬಂದರೂ ಮಲಗಲಿಕ್ಕೇ ಬರುತ್ತಾನೆ. ಮನೆ, ಗಿರಣಿ, ನೀರಿನ ಸರದಿ ಎಲ್ಲ ಈಕೆಯ ಕೊರಳಿಗೇ. ಯಾವುದೋ ಒಂದು ವರ್ಷ ಆಕೆಯ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು, ಬ್ರೆಡ್ಡು ಬರತೊಡಗಿತು.

ಹೀಗಿರಲು ಮಗಳು ಸವಿತಾಳಿಗೆ ಮಾನ್ವಿ ತಾಲೂಕಿನ ಮಲ್ಲಟದಿಂದ ಒಂದು ಸಂಬಂಧ ಬಂತು. ಭತ್ತ ಬೆಳೆಯುವ ಮನೆ; ಹೆಣ್ಣುಮಕ್ಕಳನ್ನು ಕೂಲಿಗೆ ಕಳಿಸಿದವರಲ್ಲ. ಜಂಬಮ್ಮನಿಗೆ ಅದಕ್ಕಿಂತ ದೊಡ್ಡ ಐಶ್ವರ್ಯ ಬೇಕಿರಲಿಲ್ಲ. ನಮ್ಮ ಜಗುಲಿಯ ಮೇಲೆ ಕೂತು ಹೇಳಿದಳು: 'ನನ್ನ ಮಗಳು ನನ್ನಂಗ ಕುಂತಲ್ಲೇ ನಿದ್ದಿ ಹೋಗಬಾರದ್ರಿ ಸರ. ಅಷ್ಟ ಸಾಕು ನನಗ.'

ಹುಡುಗನ ತಾಯಿ ಮುದುಕಮ್ಮ ಎಲ್ಲರಂತೆ ನಮ್ಮ ಓಣಿಯಲ್ಲಿ ಮೊದಲು ವಿಚಾರಿಸಿದಳು. ಓಣಿಗೇನು ಧಾಡಿ? ರೊಟ್ಟಿಯ ಸಪ್ಪಳವಿಲ್ಲ, ದಿನಾ ಬ್ರೆಡ್ಡು ಒಯ್ಯುತ್ತಾಳೆ, ಒಳಗೆ ಯಾರೋ ಬಹುಕಾಲದ ಜಡ್ಡಿನವರಿದ್ದಾರೆಂದು ತೀರ್ಪು ಕೊಟ್ಟೇಬಿಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಮಾತು ಮುಗಿಯುವ ತನಕವಾದರೂ ಆ ಬ್ರೆಡ್ಡು ಬಿಡು ತಾಯಿ, ನಾಲ್ಕು ರೊಟ್ಟಿ ಬಡಿ, ಓಣಿ ಕೇಳಲಿ ಎಂದು ಜಂಬಮ್ಮನಿಗೆ ಗದರಿ ಹೇಳಿದೆ. ಆಯ್ತು ಅಂದಳು. ಒಂದೆರಡು ಮುಂಜಾನೆ ಸಪ್ಪಳ ಕೇಳಿಸಿತು, ಆಮೇಲೆ ಅದೂ ಇಲ್ಲ. ಹೋಗಿ ನೋಡಿದರೆ ಬೇಕರಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ.

ಮುದುಕಮ್ಮ ಬಂದ ದಿನ ಹಿರಿಯನೆಂದು ನನ್ನನ್ನೂ ಕರೆದಿದ್ದರು. ಒರಟು ಮಾತಿನ, ಕೆಟ್ಟವಳಲ್ಲದ ಹೆಂಗಸು. ಹುಡುಗಿಯನ್ನು ನೋಡಿ ಮೆಚ್ಚಿಕೊಂಡಳು, ಹತ್ತಿರ ಕೂರಿಸಿಕೊಂಡು ತಲೆ ನೇವರಿಸಿದಳು. ಬಳಿಕ ಚೀಲದಿಂದ ತಾಜಾ ಬ್ರೆಡ್ಡಿನ ಪೊಟ್ಟಣ ತೆಗೆದು ಜಂಬಮ್ಮನ ಮುಂದಿಟ್ಟು, ಒಳಕೋಣೆಯ ಕಡೆ ಕತ್ತು ಚಾಚಿ, ಯಾರಿಗೆ ಆರಾಮಿಲ್ಲ, ಎಷ್ಟು ದಿನವಾಯಿತು, ಅದು ಮಕ್ಕಳಿಗೂ ಬರುವಂಥ ಜಡ್ಡೇನು ಎಂದು ಕೇಳಿದಳು. ಜ್ವರ ಬಂದಿತ್ತು, ಈಗ ಇಳಿದಿದೆ ಎಂಬ ಒಂದೇ ಮಾತು ಸಾಕಾಗಿತ್ತು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಜಂಬಮ್ಮ ನನ್ನ ಕಡೆ ನೋಡಲೇ ಇಲ್ಲ.

'ಜಡ್ಡು ಯಾರಿಗೂ ಇಲ್ಲ ಯವ್ವಾ. ನಾ ದಣದೀನಿ. ರೊಟ್ಟಿ ಬಡಿಯಾಕ ಕೈ ಏಳವಲ್ವು.'

ಮುದುಕಮ್ಮ ಚಾಚಿದ ಕತ್ತನ್ನು ಹಿಂದಕ್ಕೆಳೆದುಕೊಂಡಳು. 'ಜಡ್ಡಾದ್ರ ದವಾಖಾನಿ ಅದ,' ಎಂದಳು. 'ದಣಿವಿಗೆ ಏನದ? ನಾವೂ ದಣದೀವಿ, ರೊಟ್ಟಿ ಬಡಿಯೂದು ಬಿಟ್ಟೇವೇನು?' ರೊಟ್ಟಿ ಬಿಟ್ಟ ತಾಯಿಯ ಮಗಳು ಏನು ಕಲಿತಿದ್ದಾಳು ಎಂಬ ಅನುಮಾನವನ್ನೂ ಮುಚ್ಚಿಡಲಿಲ್ಲ. ಎದ್ದು ನಿಂತವಳು, ಜಡ್ಡಿಲ್ಲದ ಮನೆಯಲ್ಲಿ ಜಡ್ಡಿನವರ ಬ್ರೆಡ್ಡು ಬಿಟ್ಟುಹೋಗುವುದು ಒಳ್ಳೆಯದಲ್ಲವೆಂದು ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಮಾನ್ವಿಯ ಬಸ್ಸು ಹಿಡಿಯಲು ಹೊರಟಳು. ಸಂಬಂಧ ಅಲ್ಲಿಗೇ ಮುರಿಯಿತು.

ಮರುದಿನ ಬೇಕರಿಯಲ್ಲಿ ನಾನು ತಡೆಯಲಾರದೆ ರೇಗಿದೆ. ಜ್ವರ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಮಗಳ ಬದುಕು ದಡ ಸೇರುತ್ತಿತ್ತಲ್ಲ ಎಂದೆ. ಜಂಬಮ್ಮ ಕೂತಲ್ಲಿಂದಲೇ ತಲೆಯೆತ್ತಿದಳು. 'ಜ್ವರ ಅಂದ್ರ ನಾಕು ದಿನಕ್ಕ ಇಳೀಬೇಕಲ್ರಿ. ಇದು ಇಳಿಯೂದಲ್ಲ.' ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಸೋಮವಾರದಿಂದ ಸವಿತಾಳನ್ನೂ ಗಿರಣಿಗೆ ಕರೆದೊಯ್ಯುವುದಾಗಿ ಹೇಳಿದಳು. ನಾನು ಚಹಾದ ಲೋಟ ಕೆಳಗಿಟ್ಟೆ. ಬೈದದ್ದಕ್ಕೆ ಬೇಸರವಾಗಲಿಲ್ಲ, ಬೈಯಲು ಸರಿಯಾದವರು ಯಾರೆಂದು ತಿಳಿಯದೆ ಸಂಕಟವಾಯಿತು.

ಜಂಬಮ್ಮನಂಥವರು ಊರೂರಿಗೂ ಇದ್ದಾರೆ. ಅವರ ಶ್ರಾಂತಿಗೆ ಜ್ವರದ ಹೆಸರಿಲ್ಲ, ಚೀಟಿಯಿಲ್ಲ, ಗುಳಿಗೆಯಿಲ್ಲ. ಆದ್ದರಿಂದ ಅದನ್ನು ಲೋಕ ಸೋಮಾರಿತನವೆಂದು ಓದಿಕೊಳ್ಳುತ್ತದೆ. ಹಾಸಿಗೆ ಹಿಡಿದವರನ್ನು ನೋಡಲು ಊರೇ ಬ್ರೆಡ್ಡು ಹಿಡಿದುಕೊಂಡು ಬರುತ್ತದೆ. ದಣಿದವರು ತಮ್ಮ ಬ್ರೆಡ್ಡನ್ನು ತಾವೇ ಕೊಂಡುಕೊಳ್ಳಬೇಕು, ಅದೂ ನಿನ್ನೆಯದನ್ನು.