ಹುಡುಗಿಯನ್ನು ಕಾಯ್ದ ಗಾಜು

ನಾನು ಒಂದು ಗಾಜಿನ ಪೆಟ್ಟಿಗೆ. ಹುಟ್ಟಿದ್ದು ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ. ಯಾವುದಾದರೂ ಸಿಹಿ ಅಂಗಡಿಯಲ್ಲಿ ಜಿಲೇಬಿ ತುಂಬಿಕೊಂಡು ಮೆರೆಯುವ ಆಸೆಯಿತ್ತು. ಸೇರಿದ್ದು ಬೆಟ್ಟದ ತಪ್ಪಲಿನ ಸಣ್ಣ ವಸ್ತುಸಂಗ್ರಹಾಲಯಕ್ಕೆ. ನನ್ನೊಳಗೆ ಮಲಗಿಸಿದ್ದು ಒಬ್ಬ ಹುಡುಗಿಯನ್ನು.

ಬೆಟ್ಟದ ಮೇಲಿನ ಜೌಗು ನೆಲದಲ್ಲಿ ಎರಡು ಸಾವಿರ ವರ್ಷ ಹೂತಿದ್ದಳಂತೆ. ಆ ಕೆಸರು ಅವಳನ್ನು ಕೊಳೆಯಗೊಟ್ಟಿರಲಿಲ್ಲ. ಮೈ ಹದ ಮಾಡಿದ ತೊಗಲಿನಂತೆ ಕಪ್ಪಾಗಿತ್ತು. ಜಡೆ, ರೆಪ್ಪೆ, ಉಗುರು ಎಲ್ಲ ಹಾಗೇ ಇದ್ದವು. ಹತ್ತು ವರ್ಷದವಳಿರಬೇಕು. ನೋಡಲು ಬಂದವರು ಸುಮ್ಮಸುಮ್ಮನೆ ಮೂಗು ಮುಚ್ಚಿಕೊಂಡು ಫೋಟೊ ತೆಗೆಯುತ್ತಿದ್ದರು.

ಅವಳನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು: ಅಧಿಕಾರಿ ಫರ್ಜಾನಾ ಮೇಡಂ, ಕಸ ಗುಡಿಸುವ ಚಿಕ್ಕತಾಯಮ್ಮ. ತಿಂಗಳಿಗೊಮ್ಮೆ ಮೇಡಂ ಗ್ಲೌಸು ತೊಟ್ಟು ನನ್ನ ಮುಚ್ಚಳ ತೆಗೆದು ತೇವ ಅಳೆಯುವರು. ತಾಯಮ್ಮ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವಳು. ಒಂದು ಬೆಳಿಗ್ಗೆ ಮೇಡಂ ಫೋನು ಬಂತೆಂದು ಹೊರಗೆ ಹೋದರು. ತಾಯಮ್ಮ ಸೆರಗಿನ ಮರೆಯಿಂದ ಪುಟ್ಟ ಸೀಸೆ ತೆಗೆದು ಹುಡುಗಿಯ ತುಟಿಗೆ ಹಾಲುತುಪ್ಪ ಬಿಟ್ಟಳು. ಸತ್ತವರ ಮಣ್ಣಿಗೆ ಮೂರನೆಯ ದಿನ ಬಿಡುವ ಹಾಲುತುಪ್ಪ. ಕೂಗೋಣವೆಂದರೆ ನನಗೆ ಬಾಯಿಲ್ಲ.

ಹತ್ತೇ ದಿನದಲ್ಲಿ ತುಟಿಯ ಮೇಲೆ ಬಿಳಿ ಬೂಷ್ಟು ಎದ್ದಿತು. ಕೆನ್ನೆಗೆ ಹರಡಿ ಕೊರಳಿಗೆ ಇಳಿಯಿತು. ಮೇಡಂ ನನ್ನ ಪಕ್ಕ ನೆಲದ ಮೇಲೆ ಕುಸಿದು ಅತ್ತರು.

"ನಾನೇ ಮೇಡಮ್ನೋರೆ," ಎಂದಳು ತಾಯಮ್ಮ. "ನನ್ ಮಗಳ್ನ ಹೊಳೆ ಎಳ್ಕೊಂಡೋಯ್ತು. ಹೆಣ ಸಿಕ್ನಿಲ್ಲ. ಹಾಲುತುಪ್ಪ ಬುಡಕ್ಕೆ ಒಂದಿಡಿ ಮಣ್ಣೂ ಇಲ್ಲ ನಂಗೆ. ಈ ಮಗೀಗೂ ಯಾರೂ ಬುಟ್ಟಿಲ್ವೇನೋ ಅನ್ನುಸ್ತು. ಕೆಟ್ಟೋಯ್ತದೆ ಅಂತ ಗೊತ್ತಿರ್ನಿಲ್ಲ ಕನವ್ವ."

ಮೇಡಂ ಕಣ್ಣೊರೆಸಿಕೊಂಡು ಎದ್ದರು. ಆಮೇಲೆ, "ಯಾರಿಗೂ ಹೇಳ್ಬೇಡಿ ತಾಯಮ್ಮ," ಎಂದು ಹೇಳಿ ವರದಿ ಬರೆದರು. ಪೆಟ್ಟಿಗೆಯ ಮುಚ್ಚಳದ ರಬ್ಬರು ಸಡಿಲವಾಗಿ ಗಾಳಿ ನುಗ್ಗಿದೆ ಎಂದು ಬರೆದರು.

ನನಗೆ ಮೈಯೆಲ್ಲ ಉರಿಯಿತು. ಒಂದೆಳೆ ಗಾಳಿಯನ್ನೂ ಒಳಗೆ ಬಿಟ್ಟವನಲ್ಲ ನಾನು. ಆದರೆ ತಾಯಮ್ಮನ ಮುಖ ನೋಡಿದ ಮೇಲೆ, ಹೋಗಲಿ, ಅಪವಾದ ನನಗೇ ಇರಲಿ ಅನ್ನಿಸಿತು.

ಹುಡುಗಿಯನ್ನು ದೂರದ ಪ್ರಯೋಗಾಲಯಕ್ಕೆ ಒಯ್ದರು. ನನಗೆ 'ಉಪಯೋಗಕ್ಕಿಲ್ಲ' ಎಂಬ ಚೀಟಿ ಅಂಟಿಸಿ ಹಿಂದಿನ ಕೋಣೆಗೆ ನೂಕಿದರು. ಮುರಿದ ಕುರ್ಚಿಗಳ ನಡುವೆ ಆರು ವರ್ಷ ಕಳೆಯಿತು. ಯಾರೂ ಹೇಳದಿದ್ದರೂ ತಾಯಮ್ಮ ಆಗಾಗ ಬಂದು ನನ್ನ ಧೂಳು ಒರೆಸುತ್ತಾಳೆ.

ಮೊನ್ನೆ ಒರೆಸುವುದನ್ನು ನಿಲ್ಲಿಸಿ, "ಮಗೀನ ಮುಖ ಉಳ್ಕೊಂಡದಾ?" ಎಂದು ಮೆಲ್ಲಗೆ ಕೇಳಿದಳು.

ಮೇಡಂ ಪಕ್ಕದ ಕೋಣೆಯಲ್ಲೇ ಇದ್ದರು. ಅವರನ್ನು ಅವಳು ಇಷ್ಟು ವರ್ಷ ಕೇಳಿಲ್ಲ. ನನ್ನನ್ನು ಕೇಳಿದ್ದು, ನಾನು ಉತ್ತರ ಹೇಳಲಾರೆನೆಂಬ ಧೈರ್ಯದಿಂದ.