ಫೋಟೋ ಆಗದೆ ಇಳಿಸುವಂತಿಲ್ಲ

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸಿದವಳಲ್ಲ. ಮದುವೆ ಮಂಟಪ, ಹೋಟೆಲು, ಬೇಕರಿಗಳಲ್ಲಿ ಮಿಕ್ಕಿದ್ದನ್ನು ಬಿಸಿ ಆರುವ ಮೊದಲೇ ನಮ್ಮ ವೃದ್ಧಾಶ್ರಮಕ್ಕೆ ತರುತ್ತಿದ್ದ ಸಂಘಕ್ಕೆ ವರ್ಷಗಟ್ಟಲೆ ಕೈ ಮುಗಿದಿದ್ದೇನೆ. ನಮ್ಮ ಸಕ್ಕರೆ ಕಾಯಿಲೆಯವರಿಗೆ ಗಡಿಯಾರವೇ ಬೇಕಿರಲಿಲ್ಲ. ಬೀದಿಯ ತಿರುವಿನಲ್ಲಿ ವ್ಯಾನಿನ ಹಾರ್ನ್ ಕೇಳಿದರೆ ನರ್ಸ್ ಇನ್ಸುಲಿನ್ ಚುಚ್ಚುತ್ತಿದ್ದಳು. ಅವಳು ಸೂಜಿ ಎತ್ತಿಡುವಷ್ಟರಲ್ಲಿ ನಾನು ಬಡಿಸಿರುತ್ತಿದ್ದೆ.

ಆಮೇಲೆ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ಇಸ್ತ್ರಿ ಮುರಿಯದ ಅಂಗಿ, ಲೋಕಕ್ಕೆಲ್ಲ ಉಪಕಾರ ಮಾಡಿ ದಣಿದ ಮುಖ. ಅವರ ಮೊದಲ ದಿನವೂ ಹಾರ್ನ್ ಆಯಿತು, ನರ್ಸ್ ಚುಚ್ಚಿದಳು, ನಾನು ತಟ್ಟೆ ಹಾಕಿದೆ. ಊಟ ಮಾತ್ರ ಒಳಗೆ ಬರಲಿಲ್ಲ. ಗೇಟಿಗೆ ಓಡಿದೆ.

"ಬ್ಯಾನರ್ ಕಟ್ತಾ ಇದೀವಿ ಮೇಡಂ. ಅತಿಥಿಗಳು ದಾರೀಲಿದಾರೆ. ಫೋಟೋ ಆಗ್ದೆ ಇಳಿಸೋ ಹಾಗಿಲ್ಲ," ಎಂದರು ಅಧ್ಯಕ್ಷರು.

"ಸಾರ್, ಇಂಜೆಕ್ಷನ್ ಆಗೋಗಿದೆ. ಹೊಟ್ಟೆಗೆ ಬೀಳ್ದಿದ್ರೆ ತಲೆ ಸುತ್ತಿ ಬಿದ್ದುಬಿಡ್ತಾರೆ. ಜೀವಕ್ಕೇ ಅಪಾಯ."

"ಹಸಿವು ಕಲಿಸಿದ ತಾಳ್ಮೆ ಇರುತ್ತೆ ಮೇಡಂ ಅವರಿಗೆ."

ಇಂಥ ಮಾತು ಹೊಟ್ಟೆ ತುಂಬಿದವರ ಬಾಯಲ್ಲಿ ಮಾತ್ರ ಹುಟ್ಟುತ್ತದೆ. ಬ್ಯಾನರಿನ ಹಗ್ಗ ಹಿಡಿದ ಇಬ್ಬರು ಪದಾಧಿಕಾರಿಗಳು ಅದರಲ್ಲಿ ಅಚ್ಚಾದ ಮುಖಗಳಲ್ಲಿ ಯಾರದ್ದು ಗೇಟಿನ ಕಂಬದ ಹಿಂದೆ ಮುಚ್ಚಿಹೋಗಬೇಕು ಎಂದು ಜಗಳವಾಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಒಳಗೆ ಬಂದು ಇದ್ದ ಬಿಸ್ಕತ್ತು, ಸಕ್ಕರೆಯನ್ನೆಲ್ಲ ನರ್ಸ್ ಕೈಗೆ ಕೊಟ್ಟು ಹಂಚಲು ಹೇಳಿದೆ. ಆಗಲೇ ನಮ್ಮತ್ತೆಯ ಕುರ್ಚಿ ಖಾಲಿ ಇರುವುದು ಕಂಡಿತು.

ನಮ್ಮತ್ತೆಯೂ ಇದೇ ಆಶ್ರಮದಲ್ಲಿದ್ದಾರೆ; ಅವರಿಗೂ ಇಂಜೆಕ್ಷನ್ ಆಗಿತ್ತು. ಸೊಸೆ ನಡೆಸುವ ಜಾಗವೆಂದು ದಬ್ಬಾಳಿಕೆ ಒಂದು ತೂಕ ಜಾಸ್ತಿಯೇ. ಮತ್ತೆ ಹೊರಗೆ ಓಡಿದೆ. ಕೋಲು ಊರಿಕೊಂಡು ಅಧ್ಯಕ್ಷರನ್ನು ದಬಾಯಿಸಲು ಹೊರಟವರು ವ್ಯಾನಿನ ಪಕ್ಕದಲ್ಲೇ ಕುಸಿದು ಕೂತಿದ್ದರು. ಮೈಯೆಲ್ಲ ತಣ್ಣನೆಯ ಬೆವರು, ಕೈ ಗಡಗಡ. ನನ್ನನ್ನು ನೋಡಿ "ಯಾರಮ್ಮಾ ನೀನು?" ಅಂದರು.

ವ್ಯಾನಿನ ಬಾಗಿಲು ಎಳೆದೆ. ಮೇಲೆಯೇ ಒಂದು ಕೇಕಿನ ಡಬ್ಬಿ ಇತ್ತು. ಮುಚ್ಚಳ ಹರಿದು, ಬೆರಳಲ್ಲೇ ಕ್ರೀಮು ಬಾಚಿ ಅತ್ತೆಯ ಬಾಯಿಗಿಟ್ಟೆ.

"ಅಯ್ಯಯ್ಯೋ, ಅದು ಅತಿಥಿಗಳು ಕೊಡೋಕೆ ಇಟ್ಟಿದ್ದು!" ಎಂದು ಕಿರುಚಿದ ಅಧ್ಯಕ್ಷರು ಮರುಕ್ಷಣವೇ ಫೋನು ಹೊರತೆಗೆದರು.

ನಾನು ತಿರುಗಿ ನೋಡಲಿಲ್ಲ. ಚೂರುಚೂರೇ ತಿನ್ನಿಸಿದೆ. ನಿಧಾನವಾಗಿ ಬೆವರು ನಿಂತಿತು. "ಸೀರೆಗೆಲ್ಲ ಮೆತ್ತಿಬಿಟ್ಯಲ್ಲೇ, ದರಿದ್ರದವಳೇ," ಎಂದು ಅತ್ತೆ ಬೈದಾಗ ನನಗೆ ಅಳುವೇ ಬಂತು.

"ಸೂಪರಾಗಿ ಬಂದಿದೆ ಮೇಡಂ," ಎಂದರು ಅಧ್ಯಕ್ಷರು, ಫೋನಿನಲ್ಲೇ ಕಣ್ಣಿಟ್ಟು. "ಆದ್ರೆ ಅಜ್ಜಿ ಕಣ್ಣು ಮುಚ್ಕೊಂಡಿದಾರೆ. ಇನ್ನೊಂದ್ಸಲ ತಿನ್ನಿಸ್ತೀರಾ? ಅಷ್ಟಾದ್ರೆ ಅತಿಥಿಗಳಿಗೂ ಕಾಯೋದು ಬೇಡ, ಊಟ ಇಳಿಸ್ಬಿಡೋಣ."

ಕೇಕಿನ ಡಬ್ಬಿಯನ್ನು ಆ ಇಸ್ತ್ರಿಯ ಅಂಗಿಗೆ ಮೆತ್ತಬೇಕೆನಿಸಿತು. ಆದರೆ ಒಳಗೆ ಇಡೀ ಮನೆ ಖಾಲಿ ತಟ್ಟೆಯ ಮುಂದೆ ಕೂತಿತ್ತು. ಹಲ್ಲು ಕಚ್ಚಿ ಇನ್ನೊಂದು ಚೂರು ಮುರಿದೆ.

ಅತ್ತೆ ನನ್ನ ಕೈ ನೋಡಿದರು, ಮುಖ ನೋಡಿದರು. ಸೆರಗು ಸರಿಮಾಡಿಕೊಂಡು ಅಧ್ಯಕ್ಷರತ್ತ ತಿರುಗಿದರು.

"ಕಣ್ಣು ಬಿಟ್ಟಿದೀನಿ, ತೆಗಿಯಪ್ಪಾ. ಚೆನ್ನಾಗಿ ತೆಗಿ. ಮನೇಗೆ ಹೋಗಿ ನಿಮ್ಮಮ್ಮಂಗೆ ತೋರ್ಸು, ಏನು ಮಾಡಿ ಬಂದೆ ಅಂತ."

ಅಧ್ಯಕ್ಷರು ಎರಡು ತೆಗೆದರು. ಆಮೇಲೆ ಊಟ ಇಳಿಯಿತು.